ತಡೆಯೂ ಒಂದು ಬಲ

ಮನುಷ್ಯನು ತನ್ನ ಕಾಲಿನ ಬಲವನ್ನು ಮೀರಿ ಚಲಿಸಲು ಮೊದಲು ಎತ್ತನ್ನು ಪಳಗಿಸಿದನು, ಬಳಿಕ ಕುದುರೆಯನ್ನು, ಕೊನೆಗೆ ಯಂತ್ರವನ್ನು. ಎತ್ತಿಗೆ ಮೂಗುದಾರ, ಕುದುರೆಗೆ ಲಗಾಮು, ಯಂತ್ರಕ್ಕೆ ಬ್ರೇಕು. ಹೀಗೆ ಪ್ರತಿಯೊಂದು ಬಲದ ಜೊತೆಗೂ ಅದನ್ನು ತಡೆಯುವ ಸಾಧನವೊಂದು ಹುಟ್ಟಿದೆ. ಬಲ ಹೆಚ್ಚಿದಂತೆಲ್ಲ ತಡೆಯೂ ಹೆಚ್ಚಬೇಕಾಯಿತು. ಆದರೆ ಆ ಬಲವನ್ನು ಕೈಯಲ್ಲಿ ಹಿಡಿದವನ ಮನಸ್ಸಿಗೆ ಯಾವ ತಡೆ ಇದೆ ಎಂಬ ಪ್ರಶ್ನೆಗೆ ಯಾವ ಕಾರ್ಖಾನೆಯೂ ಉತ್ತರವನ್ನು ತಯಾರಿಸಲಾರದು. ಕೆಲವು ವರ್ಷಗಳ ಹಿಂದೆ ತಿಪಟೂರು ಮೂಲದ ಕೊಬ್ಬರಿ ವರ್ತಕರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಎದ್ದಿತು.

ಆ ವರ್ತಕರ ತಂದೆ ಹಳ್ಳಿಕಾರ್ ಎತ್ತುಗಳ ಗಾಡಿಯಲ್ಲಿ ತೋಟದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹೊಡೆದು ತಂದವರು. ಮಗ ಅದೇ ವ್ಯಾಪಾರವನ್ನು ಬೆಂಗಳೂರಿಗೆ ವಿಸ್ತರಿಸಿ, ಲಾರಿಗಳನ್ನಿಟ್ಟು, ಮನೆಗೆ ಮೊದಲ ಕಾರಾಗಿ ಒಂದು ಮಾರುತಿ 800 ಅನ್ನು ತಂದರು. ಆ ಕಾರು ಮನೆಯಂಗಳಕ್ಕೆ ಬಂದ ದಿನ ಬೀದಿಯವರೆಲ್ಲ ಬಂದು ನೋಡಿ ಹೋಗಿದ್ದರು. ಸುಮಾರು 40 ಅಶ್ವಶಕ್ತಿಯ, ಸುಮಾರು 650 ಕಿಲೋಗ್ರಾಂ ತೂಕದ ಆ ಪುಟ್ಟ ವಾಹನವು ಕುಟುಂಬದ ಮದುವೆ, ಆಸ್ಪತ್ರೆ, ಯಾತ್ರೆಗಳನ್ನೆಲ್ಲ ನಡೆಸಿಕೊಟ್ಟಿತು. ಮೂರನೆಯ ತಲೆಮಾರಿನ ಮೊಮ್ಮಗ ಎಂಜಿನಿಯರಿಂಗ್ ಓದಿದವನು. ವ್ಯಾಪಾರವು ಕೈಹಿಡಿದು ಹಣ ಕೂಡಿದಾಗ ಅವನು ತಂದೆಯ ಮುಂದೆ ಒಂದು ಆಸೆಯನ್ನಿಟ್ಟನು. ಇಟಲಿಯ ಲಂಬೋರ್ಗಿನಿ ಸಂಸ್ಥೆಯ ಉರುಸ್ ಎಂಬ ವಾಹನ ಬೇಕು ಎಂಬುದೇ ಆ ಆಸೆ. 2018ರ ಜನವರಿಯಲ್ಲಿ ಅದು ಭಾರತಕ್ಕೆ ಬಂದಾಗ ಅದರ ಬೆಲೆ ಸುಮಾರು 3 ಕೋಟಿ ರೂಪಾಯಿ.

ತಂದೆ ಬೇಡವೆನ್ನಲಿಲ್ಲ. "ಅದರಲ್ಲಿ ಏನಿದೆ ಎಂದು ಮೊದಲು ನನಗೆ ತಿಳಿಸಿ ಹೇಳು" ಎಂದರು. ಮಗನೂ ಶ್ರದ್ಧೆಯಿಂದ ತಿಳಿಸಿದನು. ಆ ಸಂಸ್ಥೆಯ ಸ್ಥಾಪಕ ಫೆರುಚ್ಚೋ ಲಂಬೋರ್ಗಿನಿ ಮೊದಲು ಟ್ರಾಕ್ಟರ್ ತಯಾರಿಸುತ್ತಿದ್ದವರೆಂದೂ, 1963ರಲ್ಲಿ ಕಾರುಗಳ ಕಡೆಗೆ ಬಂದರೆಂದೂ ಹೇಳಿದಾಗ ವರ್ತಕರಿಗೆ ಸಂತೋಷವೇ ಆಯಿತು. 1986ರಿಂದ 1993ರ ವರೆಗೆ ಆ ಸಂಸ್ಥೆ ಎಲ್‌ಎಂ002 ಎಂಬ ದೊಡ್ಡ ವಾಹನವನ್ನು ಮಾಡಿ ಸುಮಾರು 300ನ್ನು ಮಾತ್ರ ತಯಾರಿಸಿತ್ತು. ಉರುಸ್ ಹಾಗಾಗಲಿಲ್ಲ. 2017ರ ಡಿಸೆಂಬರಿನಲ್ಲಿ ಅನಾವರಣಗೊಂಡ ಅದು 2022ರ ಜೂನ್ ಹೊತ್ತಿಗೆ 20,000ದ ಸಂಖ್ಯೆಯನ್ನು ಮುಟ್ಟಿತು.

ಅದರ ಯಂತ್ರಕ್ಕೆ ಎಂಟು ಸಿಲಿಂಡರುಗಳು, ನಾಲ್ಕು ಲೀಟರ್ ಗಾತ್ರ. ಹೊರಗೆ ವ್ಯರ್ಥವಾಗಿ ಹೋಗಬೇಕಾದ ಹೊಗೆಯ ರಭಸದಿಂದಲೇ ಎರಡು ಪುಟ್ಟ ಚಕ್ರಗಳನ್ನು ತಿರುಗಿಸಿ, ಅವುಗಳ ಮೂಲಕ ಹೆಚ್ಚಿನ ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ವ್ಯವಸ್ಥೆ ಅದಕ್ಕಿದೆ. ಇದರಿಂದ ದೊರೆಯುವುದು 650 ಅಶ್ವಶಕ್ತಿ. ಅಂಗಳದ ಹಳೆಯ ಮಾರುತಿಯ ಹದಿನಾರು ಪಟ್ಟು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಅದಕ್ಕೆ 3.6 ಸೆಕೆಂಡು ಸಾಕು. ಪರಮಾವಧಿ ವೇಗ ಗಂಟೆಗೆ 305 ಕಿಲೋಮೀಟರ್. ತೂಕ ಸುಮಾರು 2,200 ಕಿಲೋಗ್ರಾಂ.

ಇಷ್ಟು ಭಾರದ ಎತ್ತರದ ವಾಹನವು ತಿರುವಿನಲ್ಲಿ ಹೊರಳದಂತೆ ಕಾಯುವುದೇ ಅದರ ನಿಜವಾದ ಕೌಶಲ. ವೇಗ ಕಡಿಮೆಯಿರುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗೆ ವಿರುದ್ಧವಾಗಿ ಕೊಂಚ ತಿರುಗಿ ಇಕ್ಕಟ್ಟಿನ ತಿರುವನ್ನು ಸುಲಭಗೊಳಿಸುತ್ತವೆ. ವೇಗ ಹೆಚ್ಚಿದಾಗ ಅವೇ ಚಕ್ರಗಳು ಮುಂದಿನವುಗಳ ದಿಕ್ಕಿಗೇ ತಿರುಗಿ ಸ್ಥಿರತೆಯನ್ನು ಕೊಡುತ್ತವೆ. ಸ್ಪ್ರಿಂಗುಗಳ ಬದಲು ಗಾಳಿಯ ಚೀಲಗಳಿದ್ದು, ವಾಹನದ ತಳವು ನೆಲದಿಂದ 158 ಮಿಲಿಮೀಟರಿನಿಂದ 248 ಮಿಲಿಮೀಟರಿನ ವರೆಗೆ ಏರಿಳಿಯಬಲ್ಲದು. ಮಣ್ಣು, ಮರಳು, ಹಿಮ, ಹೆದ್ದಾರಿ, ಪಂದ್ಯದ ಪಥ, ಇವೊಂದೊಂದಕ್ಕೂ ಬೇರೆ ಬೇರೆ ಸ್ವಭಾವವನ್ನು ಚಾಲಕನು ಒಂದು ಸನ್ನೆಯನ್ನು ಎಳೆದು ಆರಿಸಿಕೊಳ್ಳಬಹುದು. ಮುಂದಿನ ಬ್ರೇಕಿನ ಬಿಲ್ಲೆಗಳ ವ್ಯಾಸ 440 ಮಿಲಿಮೀಟರ್. ಅಂದರೆ ಹಲವು ಸಣ್ಣ ಕಾರುಗಳ ಇಡೀ ಚಕ್ರದ ಲೋಹದ ಭಾಗಕ್ಕಿಂತ ದೊಡ್ಡವು. ಇಂಗಾಲ ಮತ್ತು ಪಿಂಗಾಣಿಯ ಮಿಶ್ರಣದಿಂದಾದ ಇವು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ವಾಹನವನ್ನು 33.7 ಮೀಟರಿನೊಳಗೆ ನಿಲ್ಲಿಸುತ್ತವೆಂದು ಸಂಸ್ಥೆಯೇ ಪ್ರಕಟಿಸಿದೆ.

ವರ್ತಕರು ಎಲ್ಲವನ್ನೂ ಕೇಳಿ, "ಮಾಡಿದವರ ಬುದ್ಧಿ ದೊಡ್ಡದು" ಎಂದರು. ಆ ಮೆಚ್ಚುಗೆಯಲ್ಲಿ ಕಪಟವಿರಲಿಲ್ಲ.

ಮಗನ ಗೆಳೆಯನ ಮನೆಯವರು ಅದೇ ವಾಹನವನ್ನು ಕೊಂಡಿದ್ದರು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಕೇಳಿ ತಂದು, ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗನು ತಿಪಟೂರಿನ ಕಡೆಗೆ ಹೊರಟನು. ತುಮಕೂರಿನ ವರೆಗೆ ಪ್ರಯಾಣ ಸುಖವಾಗಿತ್ತು. ಒಳಗೆ ಮಾತು ಪಿಸುದನಿಯಲ್ಲಿ ಆಡಿದರೂ ಕೇಳಿಸುತ್ತಿತ್ತು. ಗುಬ್ಬಿಯನ್ನು ದಾಟಿದ ಮೇಲೆ ರಸ್ತೆ ಬರಿದಾಗಿ ಕಂಡಿತು. ಮಗನು ಸನ್ನೆಯನ್ನು ಎಳೆದು ಪಂದ್ಯದ ಸ್ವಭಾವವನ್ನು ಆರಿಸಿ, ಪಾದವನ್ನು ಒತ್ತಿದನು. ವಾಹನ ಒಮ್ಮೆ ಗುಡುಗಿತು. ತಂದೆಯ ಬೆನ್ನು ಆಸನಕ್ಕೆ ಅಂಟಿಕೊಂಡಿತು. ಅವರು ಉಸಿರನ್ನು ಎಳೆದು ಬಿಡುವಷ್ಟರಲ್ಲಿ ಫಲಕದ ಮೇಲಿನ ಅಂಕಿ 140ನ್ನು ದಾಟಿತ್ತು.

ಆಗ ರಸ್ತೆಯ ಅಂಚಿನಲ್ಲಿ ನಿಂತಿದ್ದ ಟ್ರಾಕ್ಟರಿನ ಮರೆಯಿಂದ ತಲೆಯ ಮೇಲೆ ಹಸಿಹುಲ್ಲಿನ ಹೊರೆಯನ್ನು ಹೊತ್ತ ವೃದ್ಧೆಯೊಬ್ಬಳು ರಸ್ತೆಗೆ ಇಳಿದಳು. ಮಗನು ಬ್ರೇಕನ್ನು ತುಳಿದನು. ವಾಹನವು ಕಿಂಚಿತ್ತೂ ಓಲಾಡದೆ, ನೆಲವನ್ನು ಕಚ್ಚಿಹಿಡಿದಂತೆ ನಿಂತಿತು. ಅವಳಿಗೂ ವಾಹನಕ್ಕೂ ನಡುವೆ ನಾಲ್ಕು ಮಾರು ಅಂತರ ಉಳಿದಿತ್ತು. ಹೊರೆಯ ಹುಲ್ಲು ಕಿವಿಯ ಮೇಲೆ ಇಳಿಬಿದ್ದಿದ್ದ ಅವಳು ತಿರುಗಿಯೂ ನೋಡದೆ, ಅದೇ ನಡಿಗೆಯಲ್ಲಿ ರಸ್ತೆಯನ್ನು ದಾಟಿ ತೋಟದ ದಾರಿ ಹಿಡಿದಳು.

ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಕೊನೆಗೆ ಮಗನೇ, "ಬ್ರೇಕು ಎಷ್ಟು ಚೆನ್ನಾಗಿ ಹಿಡಿಯಿತು ನೋಡಿದಿರಾ ಅಪ್ಪಾ?" ಎಂದನು. ಅವನ ಧ್ವನಿ ನಡುಗುತ್ತಿತ್ತು.

"ನೋಡಿದೆ ಮಗು. ಅದಕ್ಕೆ ಹಾಗೆ ಹಿಡಿಯಬೇಕಾದ ಪ್ರಸಂಗ ಏಕೆ ಬಂತು ಎಂಬುದನ್ನೂ ನೋಡಿದೆ" ಎಂದರು ತಂದೆ.

ಎಂಜಿನಿಯರಿಂಗ್ ಓದಿದ ಮಗನಿಗೆ ಉಳಿದ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 70ರ ವೇಗವು 140 ಆದಾಗ ಬ್ರೇಕುಗಳು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ; ಕಣ್ಣು ಕಂಡದ್ದನ್ನು ಕಾಲಿಗೆ ತಿಳಿಸಲು ಚಾಲಕನಿಗೆ ಒಂದು ಸೆಕೆಂಡು ಹಿಡಿದರೆ, 33.7 ಮೀಟರಿನ ಆ ಹೆಮ್ಮೆಯ ಅಂಕಿ 60 ಮೀಟರನ್ನು ದಾಟುತ್ತದೆ. ಬ್ರೇಕಿನ ಬಿಲ್ಲೆಯನ್ನು ಎಷ್ಟು ದೊಡ್ಡದು ಮಾಡಿದರೂ ಆ ಒಂದು ಸೆಕೆಂಡನ್ನು ಯಾವ ಸಂಸ್ಥೆಯೂ ಕಡಿಮೆ ಮಾಡಲಾರದು. ಅದು ಮನುಷ್ಯನಿಗೆ ಸೇರಿದ್ದು.

ಲೆಕ್ಕವು ಒಂದು ಮನೆಯದಷ್ಟೇ ಅಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಭಾಗವು 40 ಅಂಗುಲಕ್ಕಿಂತ ಎತ್ತರವಿರುವ ವಾಹನಗಳು ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆಯು, 30 ಅಂಗುಲದೊಳಗಿನ ಇಳಿಜಾರು ಮುಂಭಾಗದ ವಾಹನಗಳಿಗಿಂತ ನೂರಕ್ಕೆ ಸುಮಾರು 45ರಷ್ಟು ಹೆಚ್ಚು. ಎತ್ತರದ ವಾಹನವು ಒಳಗೆ ಕುಳಿತವನಿಗೆ ಕೊಡುವ ಅಭಯದ ಒಂದು ಪಾಲನ್ನು ಹೊರಗೆ ನಡೆಯುವವನು ಭಯದ ರೂಪದಲ್ಲಿ ತೆರುತ್ತಾನೆ. ಭಾರತದಲ್ಲಿ 2018ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ಗೊತ್ತುಮಾಡಿದ ಗರಿಷ್ಠ ಮಿತಿಯೇ ಗಂಟೆಗೆ 120 ಕಿಲೋಮೀಟರ್. 305 ಕಿಲೋಮೀಟರಿನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಕೊಂಡವನ ಮನಸ್ಸಿನಲ್ಲಿ ಮಾತ್ರ ಓಡಬೇಕಾದದ್ದು.

ಅಂದು ಮಧ್ಯಾಹ್ನ ಅವರು ಊರ ಮನೆಯನ್ನು ಮುಟ್ಟಿದಾಗ ವೃದ್ಧರಾದ ತಾತ ಕೋಲೂರಿಕೊಂಡು ಅಂಗಳಕ್ಕೆ ಬಂದು ವಾಹನವನ್ನು ಸುತ್ತುವರಿದು ನೋಡಿದರು. ಆಸನವನ್ನು ಮುಟ್ಟಿ, "ಇದು ಚರ್ಮವಲ್ಲವೇ?" ಎಂದರು. ಹೌದೆಂದೂ, ಬೇಡವೆನ್ನುವವರಿಗೆ ಅಲ್ಕಾಂತರ ಎಂಬ ಕೃತಕ ಬಟ್ಟೆಯೂ ಇದೆಯೆಂದೂ ಮೊಮ್ಮಗ ಹೇಳಿದನು. ಹೆಸರಿನ ಅರ್ಥವೇನೆಂದು ತಾತ ಕೇಳಿದರು.

ಉರುಸ್ ಎಂದರೆ ಸಾಕುದನಗಳ ಪೂರ್ವಜವಾದ ಕಾಡು ಎತ್ತು. ಯೂರೋಪಿನ ಕಾಡುಗಳಲ್ಲಿ ಒಂದು ಕಾಲಕ್ಕೆ ಯಥೇಚ್ಛವಾಗಿದ್ದ ಆ ಪ್ರಾಣಿಯು ಬೇಟೆ, ರೋಗ ಹಾಗೂ ಮೇವಿನ ಅಭಾವಗಳಿಂದ ಕುಗ್ಗುತ್ತ ಬಂತು. ಕೊನೆಗೆ ಪೋಲೆಂಡಿನ ಯಾಕ್ಟೊರೂಫ್ ಎಂಬಲ್ಲಿನ ಅರಸರ ಕಾಡಿನಲ್ಲಿ ಒಂದು ಹಿಂಡು ಮಾತ್ರ ಉಳಿಯಿತು. 1564ರ ಎಣಿಕೆಯಲ್ಲಿ ಅಲ್ಲಿದ್ದವು 38. ಅರಸರ ರಕ್ಷಣೆಯಿದ್ದರೂ ಅವು ಉಳಿಯಲಿಲ್ಲ. 1627ರಲ್ಲಿ ಕೊನೆಯ ಹಸು ಸತ್ತಿತು. ಅದೇ ಕುಲದ ಭಾರತದ ಕವಲಿನಿಂದ ಬಂದವು ಇಲ್ಲಿನ ಗೂಳಿಹಿಣಿಲಿನ ದನಗಳು. ತಾತನ ಹಳ್ಳಿಕಾರ್ ಜೋಡಿಯೂ ಆ ವಂಶದ್ದೇ.

"ಹಾಗಾದರೆ ಆ ಎತ್ತು ಈಗ ಎಲ್ಲಿಯೂ ಇಲ್ಲವೇ?"

"ಇಲ್ಲ ತಾತ."

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಎತ್ತುಗಳನ್ನು ಇಳಿಜಾರಿನಲ್ಲಿ ಎಂದೂ ಓಡಿಸಿದವನಲ್ಲ. ಅವಕ್ಕೆ ಓಡುವ ಶಕ್ತಿ ಇತ್ತು. ಹಿಂದೆ ಭಾರವಿತ್ತು, ಮುಂದೆ ಯಾರ ಮಕ್ಕಳೋ ಇರುತ್ತಿದ್ದರು" ಎಂದಷ್ಟೇ ಹೇಳಿ ಒಳಗೆ ಹೋದರು. ಬೆಳಿಗ್ಗೆ ನಡೆದದ್ದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಮರುದಿನ ಮೊಮ್ಮಗನು ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಸ್ಥಳಕ್ಕೆ ಹೋದನು. ತೋಟದ ದಾರಿಯಲ್ಲಿ ವಿಚಾರಿಸಿ ವೃದ್ಧೆಯನ್ನು ಕಂಡನು. ಅವಳು ಕೊಟ್ಟಿಗೆಯ ಮುಂದೆ ಹುಲ್ಲನ್ನು ಬಿಡಿಸುತ್ತಿದ್ದಳು. ನಿನ್ನೆಯ ಕಾರಿನಲ್ಲಿದ್ದವನು ತಾನೇ ಎಂದೂ, ತಪ್ಪಾಯಿತೆಂದೂ ಹೇಳಿದನು. ಅವಳಿಗೆ ಅರ್ಥವಾಗಲಿಲ್ಲ.

"ಯಾವ ಕಾರು ಮಗಾ? ದಿನಾ ಎಷ್ಟೋ ಹೋಗ್ತವೆ. ಎಲ್ಲಾನೂ ನೋಡ್ಕಂಡು ನಿಂತ್ರೆ ಇವಕ್ಕೆ ಹುಲ್ಲು ಹಾಕೋರು ಯಾರು?" ಎಂದು ನಕ್ಕು, ಕುಡಿಯಲು ಮಜ್ಜಿಗೆ ಕೊಟ್ಟಳು.

ಅವಳ ಪಾಲಿಗೆ ಏನೂ ನಡೆದಿರಲಿಲ್ಲ. ಕ್ಷಮಿಸಬೇಕಾದವಳಿಗೆ ಅಪರಾಧವೇ ಗೊತ್ತಿಲ್ಲದಿದ್ದಾಗ ಅದರ ಭಾರವೆಲ್ಲ ಮಾಡಿದವನ ಹೆಗಲಿನ ಮೇಲೆಯೇ ಉಳಿಯುತ್ತದೆ. ಇದನ್ನು ಆ ಯುವಕನು ಮಜ್ಜಿಗೆಯ ಲೋಟವನ್ನು ಹಿಡಿದು ನಿಂತಾಗ ಅರಿತನು.

ಆ ವಾಹನವು ಆ ಮನೆಗೆ ಬರಲಿಲ್ಲ. ತಂದೆ ನಿಷೇಧಿಸಲಿಲ್ಲ, ಮಗನೇ, "ಅದನ್ನು ಹಿಡಿಯುವ ಕಾಲು ನನಗೆ ಇನ್ನೂ ಬಂದಿಲ್ಲ ಅಪ್ಪಾ" ಎಂದನು. ವಾಹನದ ಮೇಲೆ ಅವನಿಗೆ ದ್ವೇಷವೂ ಹುಟ್ಟಲಿಲ್ಲ. 2024ರಲ್ಲಿ ಅದರ ಹೊಸ ರೂಪವು ವಿದ್ಯುತ್ ಬ್ಯಾಟರಿಯನ್ನೂ ಕೂಡಿಸಿಕೊಂಡು ಬಂತು. ಪೆಟ್ರೋಲಿಲ್ಲದೆ 60 ಕಿಲೋಮೀಟರಿಗೂ ಹೆಚ್ಚು ಸಾಗಬಲ್ಲ ಅದರ ಒಟ್ಟು ಬಲ 800 ಅಶ್ವಶಕ್ತಿಗೆ ಏರಿತ್ತು. ಅದನ್ನು ಓದಿದಾಗಲೂ ಅವನು ಕುತೂಹಲದಿಂದಲೇ ಓದಿದನು. ಆದರೆ ಮೊದಲಿನ ಯಂತ್ರದಲ್ಲಿದ್ದ ಒಂದು ವಿಶೇಷವನ್ನು ಅವನು ಗೆಳೆಯರಿಗೆ ಈಗಲೂ ವಿವರಿಸುತ್ತಾನೆ. ಹೊರೆ ಹಗುರವಾಗಿ, ದಾರಿ ಸಮವಾಗಿ, ಹೆಚ್ಚಿನ ಬಲ ಬೇಡವಾದಾಗ ಎಂಟು ಸಿಲಿಂಡರುಗಳಲ್ಲಿ ನಾಲ್ಕು ತಾವಾಗಿಯೇ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ಒಳಗೆ ಕುಳಿತವರಿಗೆ ಅದು ತಿಳಿಯುವುದೇ ಇಲ್ಲ. ಇದ್ದ ಬಲವನ್ನೆಲ್ಲ ಬಳಸಬೇಕಾಗಿಲ್ಲವೆಂಬುದನ್ನು ಯಂತ್ರಕ್ಕೆ ಕಲಿಸಿದ ಮನುಷ್ಯನು ತಾನೂ ಅದನ್ನು ಕಲಿತರೆ, ರಸ್ತೆಯನ್ನು ದಾಟುವ ಎಷ್ಟೋ ಜೀವಗಳು ತಮಗೊದಗಿದ್ದ ಅಪಾಯವನ್ನು ಅರಿಯದೆಯೇ ಸುಖವಾಗಿ ಮನೆ ಸೇರುತ್ತವೆ.

ಗುಬ್ಬಿಯನ್ನು ದಾಟಿದ ಆ ಸ್ಥಳದಲ್ಲಿ, ರಸ್ತೆ ಬರಿದಾಗಿದ್ದರೂ, ಅವನ ಕಾಲು ಇಂದಿಗೂ ತಾನಾಗಿ ಬ್ರೇಕಿನ ಕಡೆಗೆ ಸರಿಯುತ್ತದೆ.