ಮಂಜುಗಡ್ಡೆಯಲ್ಲಿ ಸಿಕ್ಕಿಕೊಳ್ಳಲೆಂದೇ ಹೊರಟ ಹಡಗು

ನಾರ್ವೆಯ ಓಸ್ಲೊ ನಗರದಲ್ಲಿರುವ ಮಗಳ ಮನೆಗೆ ಹೋದ ಮೊದಲ ವಾರವೇ ಒಂದು ಸಣ್ಣ ತಾಪತ್ರಯ ಶುರುವಾಯಿತು. ಒಂಬತ್ತು ವರ್ಷದ ಮೊಮ್ಮಗಳು "ಅಜ್ಜಾ, ನೀನು ಬಾ" ಎಂದು ಕೈಹಿಡಿದು ಎಳೆದಾಗಲೆಲ್ಲ ಮಗಳು, "ನೀವು ಬನ್ನಿ ಅನ್ನಬೇಕು" ಎಂದು ತಿದ್ದುತ್ತಿದ್ದಳು. ತಿದ್ದಿಸಿಕೊಂಡೂ ತಿದ್ದಿಸಿಕೊಂಡೂ ಮಗು ನನ್ನೊಡನೆ ಮಾತನ್ನೇ ಕಡಿಮೆ ಮಾಡಿತು. ಎಲ್ಲಿ ತಪ್ಪಾಗುತ್ತದೋ ಎಂಬ ಭಯ. ಅಲ್ಲಿಯ ಭಾಷೆಯಲ್ಲಿ ಈಗ ಟೀಚರಿಗೂ ಗೆಳತಿಗೂ ಒಂದೇ 'ದು', ಅಂದರೆ 'ನೀನು'. ಪಾಪ, ಅವಳಾದರೂ ಏನು ಮಾಡಿಯಾಳು?

ಒಂದು ಭಾನುವಾರ ಮೂವರೂ ದೋಣಿ ಹತ್ತಿ ಬಿಗ್ಡೋಯ್ ಎಂಬಲ್ಲಿಗೆ ಹೋದೆವು. ಅಲ್ಲಿಯೇ ಫ್ರಾಮ್ ವಸ್ತುಸಂಗ್ರಹಾಲಯ. ಹೊರಗಿನಿಂದ ನೋಡಿದರೆ ನೆಲದಿಂದಲೇ ಎದ್ದ ದೊಡ್ಡ ಇಳಿಜಾರು ಮಾಡು, ಅಷ್ಟೆ. ಒಳಗೆ ಕಾಲಿಟ್ಟರೆ ಮುಂದೆ ಒಂದು ಇಡೀ ಹಡಗು! 39 ಮೀಟರ್ ಉದ್ದದ ಮರದ ಹಡಗು. ಅದರ ಹೆಸರೇ 'ಫ್ರಾಮ್'. ಹಾಗೆಂದರೆ 'ಮುಂದಕ್ಕೆ'.

ಮಕ್ಕಳೇ, ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಳ್ಳಬಾರದು ಎಂದೇ ಎಲ್ಲ ನಾವಿಕರೂ ಬೇಡಿಕೊಳ್ಳುತ್ತಾರೆ. ಫ್ರಾಮ್ ಮಾತ್ರ ಸಿಕ್ಕಿಕೊಳ್ಳಲೆಂದೇ ಹುಟ್ಟಿದ್ದು. 1881ರಲ್ಲಿ ಜಾನೆಟ್ ಎಂಬ ಅಮೆರಿಕದ ಹಡಗು ಸೈಬೀರಿಯದ ಉತ್ತರದಲ್ಲಿ ಮಂಜುಗಡ್ಡೆಯ ನಡುವೆ ನುಚ್ಚುನೂರಾಯಿತು. ಮೂರು ವರ್ಷದ ಬಳಿಕ ಅದರ ಕೆಲವು ಸಾಮಾನುಗಳು ಎಷ್ಟೋ ದೂರದ ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕವು. ಹಾಗಾದರೆ ಅಲ್ಲಿನ ಮಂಜುಗಡ್ಡೆ ನಿಂತಲ್ಲಿ ನಿಂತಿಲ್ಲ, ಸದಾ ತೇಲಿ ಸಾಗುತ್ತಿದೆ! ಅದರ ಬೆನ್ನೇರಿಯೇ ಉತ್ತರ ಧ್ರುವದತ್ತ ಹೋದರಾಯಿತು ಎಂದು ಲೆಕ್ಕ ಹಾಕಿದವರು ಫ್ರಿಟ್ಯೋಫ್ ನಾನ್ಸೆನ್. ಅನುಭವಸ್ಥರೇ ಇದು ಹುಚ್ಚು ಎಂದರು. ನಾನು ಆಗ ಇದ್ದಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ.

ಕಾಲಿನ್ ಆರ್ಚರ್ ಎಂಬವರು ಕಟ್ಟಿದ ಈ ಹಡಗಿನ ತಳ ತೆಂಗಿನ ಚಿಪ್ಪಿನಂತೆ ದುಂಡಗೆ. ಮಂಜುಗಡ್ಡೆ ಎರಡೂ ಕಡೆಯಿಂದ ಹಿಂಡಿದರೆ ಒಡೆಯದೆ ಮೇಲಕ್ಕೆ ಜಾರುತ್ತದೆ. (ತೆರೆದ ಕಡಲಿನಲ್ಲಿ ಮಾತ್ರ ವಿಪರೀತ ಹೊಯ್ದಾಟ.) 1893ರಲ್ಲಿ 13 ಮಂದಿ ಹೊರಟರು. ದೀಪ ಉರಿಸಲು ಮೇಲೆ ಒಂದು ಗಾಳಿಯಂತ್ರವೂ ಇತ್ತು. ನಾವು ಹಡಗಿನೊಳಕ್ಕೇ ಇಳಿದೆವು. ಮಲಗುವ ಕೋಣೆಗಳು ನಮ್ಮ ದೇವರ ಕೋಣೆಯಷ್ಟು ಚಿಕ್ಕವು.

ಹಡಗು ತೇಲಿತು, ಆದರೆ ಆಮೆಯಂತೆ. ಧ್ರುವದ ದಾರಿಯನ್ನೂ ಸರಿಯಾಗಿ ಹಿಡಿಯಲಿಲ್ಲ. 1895ರ ಮಾರ್ಚ್ 14ರಂದು ನಾನ್ಸೆನ್, ಯಲ್ಮಾರ್ ಯೊಹಾನ್ಸೆನ್ ಎಂಬೊಬ್ಬರನ್ನು ಜೊತೆಗೆ ಕರೆದುಕೊಂಡು, 28 ನಾಯಿಗಳೊಂದಿಗೆ ಹಡಗು ಬಿಟ್ಟು ನಡೆದೇ ಹೊರಟರು. ಈ ಯೊಹಾನ್ಸೆನ್ ಹೇಗಾದರೂ ಹೋಗಲೇಬೇಕೆಂದು, ಬೇರೆ ಕೆಲಸ ಖಾಲಿಯಿಲ್ಲದ್ದಕ್ಕೆ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ಸೇರಿದ್ದವರು.

86 ಡಿಗ್ರಿ ದಾಟಿದರು. ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಯಾರೂ ಹೋಗಿರಲಿಲ್ಲ. ಮುಂದೆ ಕಣ್ಣು ಹಾಯುವವರೆಗೂ ಮಂಜುಗಡ್ಡೆಯ ದಿಬ್ಬಗಳೇ. ಹಿಂತಿರುಗಿದರು. ಒಂದು ದಿನ ಸುಸ್ತಾಗಿ ಇಬ್ಬರೂ ಗಡಿಯಾರಕ್ಕೆ ಕೀ ಕೊಡಲು ಮರೆತರು. ಗಡಿಯಾರ ನಿಂತದ್ದರಿಂದ ತಾವೆಲ್ಲಿದ್ದೇವೆಂಬ ಲೆಕ್ಕವೇ ತಪ್ಪಿತು. ಊಟ ಮುಗಿಯುತ್ತ ಬಂದಂತೆ ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದ ನಾಯಿಗಳಿಗೆ ಹಾಕಿದರು. ಇದನ್ನು ಕೇಳಿ ಮೊಮ್ಮಗಳ ಮುಖ ಬಾಡಿತು. ಆದರೆ ನಡೆದದ್ದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ.

ಚಳಿಗಾಲ ಬಂತು. ಫ್ರಾಂಜ್ ಜೋಸೆಫ್ ಲ್ಯಾಂಡ್ ಎಂಬ ನಿರ್ಜನ ದ್ವೀಪಗಳಲ್ಲಿ ನೆಲ ಅಗೆದು, ಕಲ್ಲು ಜೋಡಿಸಿ, ವಾಲ್ರಸ್ ಚರ್ಮ ಹೊದಿಸಿ ಗುಡಿಸಲು ಮಾಡಿಕೊಂಡರು. ಬೆಳಿಗ್ಗೆ ಸಂಜೆ ಹಿಮಕರಡಿಯ ಮಾಂಸವೇ. ಕ್ರಿಸ್‌ಮಸ್ ಬಂದಾಗ ಹೊಸ ಬಟ್ಟೆ ಎಲ್ಲಿಂದ? ಒಳಗಿನ ಅಂಗಿ ಹೊರಗೆ, ಹೊರಗಿನದು ಒಳಗೆ ಹಾಕಿಕೊಂಡು ಹಬ್ಬ ಮಾಡಿದರು! ಮೊಮ್ಮಗಳು ಆಗ ನಕ್ಕಳು.

"ಇನ್ನೊಂದು ಕೇಳು" ಎಂದೆ. "ಹಡಗು ಬಿಟ್ಟು ಒಂಬತ್ತು ತಿಂಗಳಾದರೂ, ಚಳಿಗೆ ಒಂದೇ ಚೀಲದೊಳಗೆ ಮಲಗುತ್ತಿದ್ದರೂ ಅವರಿಬ್ಬರೂ ಒಬ್ಬರಿಗೊಬ್ಬರು 'ನೀವು' ಎಂದೇ ಅನ್ನುತ್ತಿದ್ದರಂತೆ. ಆಗ ನಾರ್ವೆಯಲ್ಲೂ 'ನೀವು' ಇತ್ತು. ಹೊಸ ವರ್ಷದ ಹಿಂದಿನ ರಾತ್ರಿ ನಾನ್ಸೆನ್ನರೇ, ಇನ್ನು ಮೇಲೆ 'ನೀನು' ಎನ್ನೋಣ ಅಂದರಂತೆ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಯ ಚಿತ್ರವನ್ನು ನೋಡುತ್ತಿದ್ದಳು.

ಮುಂದಿನ ಜೂನ್‌ನಲ್ಲಿ ನಾಯಿ ಬೊಗಳಿದ್ದು ಕೇಳಿಸಿ, ಇಂಗ್ಲಿಷ್ ಅನ್ವೇಷಕ ಜಾಕ್ಸನ್ ಎದುರಾಗಿ, ಅವರ ಹಡಗಿನಲ್ಲಿ ಇಬ್ಬರೂ 1896ರ ಆಗಸ್ಟ್ 13ರಂದು ನಾರ್ವೆ ತಲುಪಿದರು. ಸೋಜಿಗವೆಂದರೆ ಅದೇ ದಿನ ಫ್ರಾಮ್ ಕೂಡ ಮಂಜುಗಡ್ಡೆಯಿಂದ ಬಿಡಿಸಿಕೊಂಡಿತ್ತು. ಹದಿಮೂರು ಮಂದಿಯೂ ಕ್ಷೇಮ. ಹದಿನಾಲ್ಕು ವರ್ಷಗಳ ನಂತರ ಅಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆಂದು ಹೊರಟದ್ದೂ ಇದೇ ಹಡಗಿನಲ್ಲಿ, ಯೊಹಾನ್ಸೆನ್ನರೂ ಜೊತೆಗಿದ್ದರು. 1911ರಲ್ಲಿ ಧ್ರುವ ಮುಟ್ಟಿದ ಐವರಲ್ಲಿ ಮಾತ್ರ ಅವರಿರಲಿಲ್ಲ. ನನಗೇಕೋ ಆ ಕಲ್ಲಿದ್ದಲಿನ ಮನುಷ್ಯನೇ ಹೆಚ್ಚು ಇಷ್ಟವಾದದ್ದು.

ವಾಪಸು ಬರುವಾಗ ದೋಣಿಯ ಮೇಲೆ ಚಳಿಗಾಳಿ. ಮಫ್ಲರ್ ಬಿಗಿದುಕೊಂಡು ಕೂತಿದ್ದೆ. ಮೊಮ್ಮಗಳು ಪಕ್ಕಕ್ಕೆ ಸರಿದು ನನ್ನ ಹಳೆಯ ಎಚ್‌ಎಂಟಿ ವಾಚನ್ನು ಕಿವಿಗೆ ಹಿಡಿದಳು.

"ಅಜ್ಜಾ, ನೀನು ಇವತ್ತು ಇದಕ್ಕೆ ಕೀ ಕೊಟ್ಟೆಯಾ?"

ಮಗಳು ತಿದ್ದಲು ಬಾಯಿ ತೆರೆದಳು, ಮತ್ತೆ ಕಡಲ ಕಡೆ ತಿರುಗಿದಳು. ನಿಜ ಹೇಳಬೇಕೆಂದರೆ ನಾನು ಮರೆತಿದ್ದೆ. ವಾಚು ಬಿಚ್ಚಿ ಅವಳ ಕೈಗೇ ಕೊಟ್ಟೆ.