ಕೆರೆಯಂಗಳದ ಸೆವೆನ್ ಐರನ್

ನಮ್ಮ ಭರಮಸಾಗರದ ಕೆರೆ ಬತ್ತಿದ್ದ ವರ್ಷಗಳಲ್ಲಿ ನಾನು ಅದರ ಅಂಗಳದಲ್ಲಿ ಗಾಲ್ಫ್ ಆಡಿದ್ದೇನೆ. ಚಿತ್ರದುರ್ಗದ ದೊರೆ ಭರಮಣ್ಣನಾಯಕನ ಹೆಸರು ಹೊತ್ತ ಕೆರೆ ಅದು. ಬೇಸಿಗೆಗೆ ಗೋಡುಮಣ್ಣು ಬಿರಿದು ಹೆಂಚಿನಂತಾಗುತ್ತಿತ್ತು. ಅಲ್ಲಲ್ಲಿ ಜಾಲಿ, ದೂರದಲ್ಲಿ ಮೇಯುವ ಕುರಿ, ಅದರಾಚೆ ಹೆದ್ದಾರಿಯ ಲಾರಿಗಳ ಸದ್ದು. ಶಾಲೆ ಬಿಟ್ಟ ಮೇಲೆ ಸಂಜೆ ಐದರಿಂದ ಕತ್ತಲಾಗುವವರೆಗೆ ಆ ಅಂಗಳ ನನ್ನದು.

ಗಾಲ್ಫ್ ಕೋಲು ಕೊಟ್ಟವನು ನನ್ನ ಸೋದರಮಾವ. ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಬಹಳ ವರ್ಷ ಹುಲ್ಲು ನೋಡಿಕೊಳ್ಳುತ್ತಿದ್ದ. ಊರಿಗೆ ಮರಳುವಾಗ ಯಾರೋ ಬಿಟ್ಟುಕೊಟ್ಟ ಒಂದು ಸೆವೆನ್ ಐರನ್ನನ್ನೂ ಸಣ್ಣ ಅಕ್ಕಿಚೀಲದಲ್ಲಿ ಹಳೆಯ ಚೆಂಡುಗಳನ್ನೂ ತಂದ. ಆಟಗಾರರ ಚೀಲದಲ್ಲಿ ಹದಿನಾಲ್ಕು ಕೋಲುಗಳವರೆಗೆ ಇರಬಹುದು. ನನ್ನದು ಒಂದೇ. ಒಂದೇ ಇದ್ದುದರಿಂದ ಅದರ ಸ್ವಭಾವ ಚೆನ್ನಾಗಿ ತಿಳಿಯಿತು.

ಬಾಲ್ಯದಲ್ಲಿ ನಾನು ಚಿನ್ನಿದಾಂಡಿನಲ್ಲಿ ಗಟ್ಟಿಗಿತ್ತಿ. ಚಿನ್ನಿಯ ತುದಿಗೆ ತಟ್ಟಿದರೆ ಅದು ತಾನೇ ಎಗರುತ್ತದೆ. ಎಗರಿದ್ದನ್ನು ಕಣ್ಣು ಹಿಡಿಯುತ್ತದೆ, ಕೈ ಹಿಂದೆಯೇ ಓಡುತ್ತದೆ. ಯೋಚಿಸಲು ಪುರುಸೊತ್ತಿಲ್ಲ. ಗಾಲ್ಫ್ ಚೆಂಡು ಹಾಗಲ್ಲ. ಸುಮ್ಮನೆ ಕೂತಿರುತ್ತದೆ, ನೀನೇ ಬಾ ಎನ್ನುವಂತೆ. ನಲವತ್ತಾರು ಗ್ರಾಮೂ ಮೀರದ ಆ ಬಿಳಿ ಗುಂಡು ಕಾಯುತ್ತಿರುವಾಗ ಮನಸ್ಸಿಗೆ ನೂರು ಯೋಚನೆ ಬರುತ್ತವೆ, ಒಂದೊಂದೂ ಭುಜವನ್ನು ಬಿಗಿಮಾಡುತ್ತದೆ. ನಿಂತ ಚೆಂಡನ್ನು ಹೊಡೆಯಲು ನನಗೆ ಎರಡು ಬೇಸಿಗೆ ಹಿಡಿಯಿತು.

ಚೆಂಡು ಮೇಲೇರಬೇಕೆಂದು ಅದನ್ನು ಎತ್ತಲು ಹೋಗಬಾರದು. ಮೊದಲು ಕಲಿತ ಪಾಠ ಇದು. ಸೆವೆನ್ ಐರನ್ನಿನ ಮುಖ ಮೊದಲೇ ಹಿಂದಕ್ಕೆ ವಾಲಿರುತ್ತದೆ. ನಾವು ಕೆಳಮುಖವಾಗಿ ಬೀಸಬೇಕು. ಮೊದಲು ಚೆಂಡು, ಆಮೇಲೆ ಮಣ್ಣು. ಮಣ್ಣು ಮೊದಲಾದರೆ ಕೈಯೆಲ್ಲ ಜುಮ್ಮೆನ್ನುತ್ತದೆ, ಚೆಂಡು ನಾಲ್ಕು ಮಾರು ಉರುಳಿ ನಿಲ್ಲುತ್ತದೆ. ಸರಿಯಾಗಿ ಕೂತ ಹೊಡೆತದಲ್ಲಿ ಕೈಗೆ ಏನೂ ತಾಕಿದ ಹಾಗಾಗುವುದಿಲ್ಲ. ‘ಟಕ್’ ಎಂಬ ಒಂದು ಶಬ್ದ, ಅಷ್ಟೆ. ತಲೆಯೆತ್ತಿದರೆ ಚೆಂಡು ಸಂಜೆಯ ಕೆಂಪಿನಲ್ಲಿ ಏರುತ್ತಲೇ ಇರುತ್ತದೆ. ಅದರ ಮೈಮೇಲಿನ ಮುನ್ನೂರಕ್ಕೂ ಮಿಕ್ಕಿದ ಗುಳಿಗಳು ಗಾಳಿಯ ಎಳೆತವನ್ನು ತಗ್ಗಿಸುತ್ತವೆ, ನುಣುಪಾದ ಚೆಂಡು ಅಷ್ಟು ದೂರ ಹೋಗಲಾರದು. ಅಂಥ ಹೊಡೆತ ದಿನಕ್ಕೊಂದು ಸಿಕ್ಕರೂ ರಾತ್ರಿ ರೊಟ್ಟಿ ತಟ್ಟುವಾಗ ಅಂಗೈಯಲ್ಲಿ ಅದೇ ನೆನಪು.

ಹುಲ್ಲು ಬೆಳೆಯದ ಕಡೆ ಚೆಂಡು ಬೀಳಬೇಕಾದ ಗುಳಿಯ ಸುತ್ತ ಮರಳಿಗೆ ಎಣ್ಣೆ ಬೆರೆಸಿ ಹದಮಾಡುವ ಪದ್ಧತಿ ಇತ್ತೆಂದು, ಅದನ್ನು ‘ಗ್ರೀನ್’ ಬದಲು ‘ಬ್ರೌನ್’ ಎನ್ನುತ್ತಿದ್ದರೆಂದು ಮಾವ ಹೇಳಿದ್ದ. ನಾನು ತೂಬಿನ ಬಳಿಯ ಮರಳನ್ನು ಗೋಣಿಯಿಂದ ಎಳೆದು ಸಮಮಾಡಿ ನನ್ನದೊಂದು ಬ್ರೌನ್ ಮಾಡಿಕೊಂಡೆ. ಗಾಲ್ಫ್ ಗುಳಿಯ ಬಾಯಿ ಎಲ್ಲ ಕಡೆಯೂ 108 ಮಿಲಿಮೀಟರ್. ನಮ್ಮ ಮನೆಯ ಹಿತ್ತಾಳೆ ಚೊಂಬಿನ ಬಾಯಿ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆ ಹೊತ್ತಿಗೇ ಅದಿತಿ ಅಶೋಕ್ ಸುದ್ದಿಗೆ ಬಂದಳು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಆಟ ಕಲಿತ ಹುಡುಗಿ. 2016ರ ನವೆಂಬರಿನಲ್ಲಿ, ಹದಿನೆಂಟರ ವಯಸ್ಸಿಗೆ, ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದಳು. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಭಾರತೀಯಳೊಬ್ಬಳ ಮೊದಲ ಗೆಲುವು ಅದು. ಅದೇ ತಿಂಗಳು ದೋಹಾದಲ್ಲಿ ಕತಾರ್ ಲೇಡೀಸ್ ಓಪನ್ ಕೂಡ ಅವಳದಾಯಿತು.

ನನ್ನ ಎದೆಗೆ ಹತ್ತಿರವಾದದ್ದು ಮಾತ್ರ ಅಬುಧಾಬಿಯ ಪಂದ್ಯ. ಹೆಸರು ಫಾತಿಮಾ ಬಿಂತ್ ಮುಬಾರಕ್ ಲೇಡೀಸ್ ಓಪನ್. ಗ್ಯಾರಿ ಪ್ಲೇಯರ್ ವಿನ್ಯಾಸ ಮಾಡಿದ ಸಾದಿಯಾತ್ ಬೀಚ್ ಮೈದಾನದಲ್ಲಿ, ಒಂದು ಕಡೆ ಸಮುದ್ರ, ಎಲ್ಲೆಲ್ಲೂ ಮರಳು. 2016ರಲ್ಲಿ ಅಮೆರಿಕದ ಬೆತ್ ಆಲನ್ ಗೆದ್ದಿದ್ದಳು. 2017ರ ನವೆಂಬರ್ ಮೊದಲ ವಾರ ಅದಿತಿ ಆಡುತ್ತಿದ್ದಾಗ ನಾನು ಕೆರೆ ಏರಿಯ ಮೇಲೆ ಸಿಗ್ನಲ್ ಸಿಗುವ ಕಡೆ ಕೂತು ಫೋನಿನಲ್ಲಿ ಅಂಕಿ ನೋಡುತ್ತಿದ್ದೆ. ಚಿತ್ರವಿಲ್ಲ, ದನಿಯಿಲ್ಲ. ಒಂದು ಅಂಕಿ ಬದಲಾದರೆ ಅಲ್ಲೆಲ್ಲೋ ಚೆಂಡೊಂದು ಗುಳಿಗೆ ಬಿದ್ದಿದೆ ಎಂದರ್ಥ. ಆ ಅಂಕಿಗಳಿಂದಲೇ ಅವಳ ಹೊಡೆತವನ್ನು ಕಟ್ಟಿಕೊಳ್ಳುತ್ತಿದ್ದೆ. ಅವಳು ಬಹುದೂರ ಹೊಡೆಯುವವಳಲ್ಲ. ಗುಳಿಯ ಹತ್ತಿರ ಬಂದಾಗ ಅವಳ ಕೈ ಬಂಗಾರ. ನಾಲ್ಕು ಸುತ್ತು ಮುಗಿದಾಗ 270 ಹೊಡೆತ, ಪಾರ್‌ಗಿಂತ (ಮೈದಾನಕ್ಕೆ ಗೊತ್ತುಪಡಿಸಿದ ಹೊಡೆತಗಳಿಗಿಂತ) ಹದಿನೆಂಟು ಕಡಿಮೆ. ಇಂಗ್ಲೆಂಡಿನ ಜಾರ್ಜಿಯಾ ಹಾಲ್ ಒಂದೇ ಹೊಡೆತದಿಂದ ಹಿಂದೆ. ಮರುವರ್ಷ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದ ಆಟಗಾರ್ತಿ ಈ ಹಾಲ್. ಅಂಥವಳನ್ನು ನಮ್ಮ ಹುಡುಗಿ ಮರಳುನಾಡಿನಲ್ಲಿ ಹಿಂದಿಕ್ಕಿದ್ದಳು. ಆ ಸಂಜೆ ಚೆಂಡು ಸರಿಯಾಗಿ ತಾಗದಿದ್ದರೂ ನನಗೆ ಬೇಸರವಾಗಲಿಲ್ಲ.

2018ರಲ್ಲಿ ಆ ಪಂದ್ಯಕ್ಕಾಗಿ ಹುಡುಕಿದೆ. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಎರಡೇ ವರ್ಷ ನಡೆದು ನಿಂತಿತ್ತು. ಕತಾರಿನದು ಒಂದೇ ವರ್ಷಕ್ಕೆ ಮುಗಿದಿತ್ತು. ಮಹಿಳೆಯರ ಗಾಲ್ಫ್ ಪ್ರಾಯೋಜಕರ ಹಣದ ಮೇಲೆ ನಿಂತ ಲೋಕ. ಆ ವರ್ಷಗಳಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಪಂದ್ಯಗಳೇ ಕಡಿಮೆಯಾಗಿದ್ದವು, 2020ರಲ್ಲಿ ಅಮೆರಿಕದ ಮಹಿಳಾ ಗಾಲ್ಫ್ ಸಂಸ್ಥೆಯಾದ ಎಲ್‌ಪಿಜಿಎ ಕೈಜೋಡಿಸಿದ ಮೇಲೆ ಚೇತರಿಕೆ ಬಂತು. ಅಬುಧಾಬಿಯ ಗೆದ್ದವರ ಪಟ್ಟಿಯಲ್ಲಿ ಎರಡೇ ಸಾಲು, ಕೊನೆಯದು ಬೆಂಗಳೂರಿನವಳದು. ಗೆದ್ದ ಕಪ್ಪನ್ನು ಮರುವರ್ಷ ಕಾಪಾಡಿಕೊಳ್ಳುವ ಅವಕಾಶವೇ ಅವಳಿಗೆ ಸಿಗಲಿಲ್ಲವಲ್ಲ ಎಂದು ನನಗೆ ಇಂದಿಗೂ ನೋವಿದೆ.

ಅವಳು ಆಟ ನಿಲ್ಲಿಸಲಿಲ್ಲ. 2021ರ ಆಗಸ್ಟ್ 7ರ ಬೆಳಗಿನ ಜಾವ ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು ನೋಡಲು ನಾನು ಎದ್ದು ಕೂತಿದ್ದೆ. ಅವಳ ಅಮ್ಮ ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದರು. ಒಂದೇ ಹೊಡೆತದಲ್ಲಿ ಪದಕ ತಪ್ಪಿ ಅದಿತಿ ನಾಲ್ಕನೆಯವಳಾದಳು.

ಈಗ ನಮ್ಮ ಕೆರೆಯಲ್ಲಿ ನೀರಿದೆ. ತುಂಗಭದ್ರೆ ಏತ ನೀರಾವರಿಯ ಪೈಪಿನಲ್ಲಿ ಹರಿದು ಬಂದಳು. ಮೊದಲ ನೀರು ನೋಡಲು ಜನ ಏರಿಯ ಮೇಲೆ ಸೇರಿದಾಗ ನಾನೂ ಹೋಗಿ ಕೈಮುಗಿದೆ. ಸುತ್ತಲ ಬೋರ್‌ವೆಲ್‌ಗಳಿಗೆ ಜೀವ ಬಂತು. ನನ್ನ ಬ್ರೌನ್, ಗುಳಿಗಳು, ಜಾಲಿಯ ಬುಡದಲ್ಲಿ ಕಳೆದ ಚೆಂಡುಗಳು ಎಲ್ಲ ಆ ನೀರಿನ ಅಡಿಯಲ್ಲಿವೆ.

ಮೆಕ್ಕೆಜೋಳ ಮುರಿದ ಮೇಲೆ ನಮ್ಮ ಹೊಲ ಕೆಲವು ವಾರ ಖಾಲಿ ಇರುತ್ತದೆ. ಕೂಳೆ ಕಿತ್ತು ಒಂದು ಪಟ್ಟಿ ಸಮಮಾಡಿಕೊಂಡಿದ್ದೇನೆ. ಚೀಲದಲ್ಲಿ ಇನ್ನು ನಾಲ್ಕು ಚೆಂಡು ಉಳಿದಿವೆ. ನಿನ್ನೆ ಸಂಜೆ ಚೊಂಬನ್ನು ಬೋರಲು ಹಾಕಿ, ಸುತ್ತ ಗೆರೆ ಎಳೆದು, ಗುಳಿ ತೋಡಿ ಬಂದೆ.