ಪಡಸಾಲೆಯ ಸವತಿಯರು

ಸವತಿ ಎಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ ಹೇಳಿ? ಮಿಶ್ರಿಕೋಟಿಯ ನಮ್ಮ ಪಡಸಾಲೆಯಲ್ಲಿ ನನಗೆ ಮೂವರು ಸವತಿಯರಿದ್ದಾರೆ. ಹಿರಿಯಳು ಮಾವನವರು ಕೊಂಡ ಜಾವಾ ಮೋಟಾರ್‌ಸೈಕಲ್. ನಡುವಿನವಳು ನಮ್ಮವರ ಯೆಜ್ಡಿ ರೋಡ್‌ಕಿಂಗ್. ಮೂರನೆಯವಳು ಹುಬ್ಬಳ್ಳಿಯ ಗುಜರಿಯಿಂದ ಬಂದ, ಬಣ್ಣಗೆಟ್ಟ ಇನ್ನೊಂದು ಯೆಜ್ಡಿ. ಸಂಡಿಗೆ ಹರಿವಾಣ ಇಡಲು ಜಾಗವಿಲ್ಲ, ಅವರಿಗೆ ಮಾತ್ರ ಕೌದಿಯ ಹೊದಿಕೆ!

ಮೂಲ ತವರು ದೂರದ ಜೆಕೊಸ್ಲೊವಾಕಿಯಾ ಆದರೂ ಇವು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಗೇರಿನ ಲಿವರನ್ನೇ ಮೇಲಕ್ಕೆ ತಿರುವಿದರೆ ಅದೇ ಕಿಕ್. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಅಳತೆ ಹೆಚ್ಚಾಯಿತೋ, ಒಗ್ಗರಣೆ ಸೀದಂತೆ ಮನೆತುಂಬ ಹೊಗೆ.

ಮದ್ರಾಸಿನ ಬಳಿ ಶೋಳಾವರಂನಲ್ಲಿ, ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಯೆಜ್ಡಿಗಳೂ ಓಡಿದ್ದವು. ಅದೇ ಹುಚ್ಚಿನಲ್ಲಿ ನಮ್ಮವರು ಮೂರನೆಯವಳ ಲೈಟು, ಮಡ್‌ಗಾರ್ಡು ಬಿಚ್ಚಿಟ್ಟಿದ್ದಾರೆ. ಸ್ಪೀಡ್‌ವೇ ಎಂಬ ಪಂದ್ಯಕ್ಕೆಂದೇ ಜಾವಾದವರು ಮಾಡಿದ ಗಾಡಿಗಳಿಗೆ ಬ್ರೇಕೇ ಇಲ್ಲ, ಗೊತ್ತೇ?

“ಹಂಗಾದ್ರ ನಿಲ್ಲಸೋದು ಹೆಂಗ್ರೀ?” ಎಂದೆ.

“ಮಣ್ಣಾಗ ಜಾರಿಸಿಕೋತ ಹೋಗ್ತಾರ. ಆಟ ಮುಗದ ಮ್ಯಾಲ ತಾನ ನಿಲ್ತೈತಿ,” ಅಂದರು. ಸಂಸಾರವೂ ಹಾಗೆಯೇ ಎಂದುಕೊಂಡಿದ್ದಾರೋ ಏನೋ!

ಮಳೆಗಾಲಕ್ಕೆ ಮೊದಲು ಬೆಂಗಳೂರಿನಿಂದ ಒಬ್ಬರು ಬಂದು ಹಿರಿಯಳನ್ನು ಕೇಳಿದರು. ಅವರು ಹೇಳಿದ ದುಡ್ಡಿಗೆ ಸೋರುವ ಮಾಡಿನ ಹಂಚೆಲ್ಲ ಹೊಸದಾಗುತ್ತಿತ್ತು. ನಾನು ಹೂಂ ಎನ್ನುವಷ್ಟರಲ್ಲಿ ಅತ್ತೆಯವರು ಒಳಗಿನಿಂದ, “ಯವ್ವಾ, ನಿನ್ನ ಗಂಡ ಹುಬ್ಬಳ್ಳಿ ದವಾಖಾನ್ಯಾಗ ಹುಟ್ಟಿ ಇದರ ಮ್ಯಾಲೇ ಮನೀಗೆ ಬಂದಾನ,” ಎಂದರು. ಇನ್ನೇನು ಮಾತಾಡಲಿ? ಬಂದವರಿಗೆ ಚಹಾ ಕೊಟ್ಟು ಕಳಿಸಿದೆ. ಹಂಚಿನ ದುಡ್ಡಿಗೆ ಮೂರನೆಯವಳನ್ನು ಮಾರುವುದೆಂದು ನಾನೇ ತೀರ್ಮಾನಿಸಿದೆ. ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ದರೆ, ಆರ್‌.ಸಿ. ಪುಸ್ತಕವನ್ನು ಮಾತ್ರ ರದ್ದಿಗೆ ಹಾಕಬೇಡಿ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾತು. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬೇಕು, ದಿನನಿತ್ಯದ ಓಡಾಟಕ್ಕಿಲ್ಲ.

ಹಿರಿಯಳ ಅರ್ಜಿಯನ್ನು ನಾನೇ ತುಂಬಿ ದೇವರ ಗೂಡಿನಲ್ಲಿಟ್ಟಿದ್ದೇನೆ. ನಮ್ಮವರ ಸಹಿ ಇನ್ನೂ ಬಿದ್ದಿಲ್ಲ. ಕಲಘಟಗಿ ಸಂತೆಗೆ ಅವಳನ್ನು ಬಿಟ್ಟು ಬಸ್ಸಿನಲ್ಲಿ ಹೋಗುವುದು ಅವರಿಗೆ ಒಲ್ಲದಾಗಿದೆ.